ಬಿಸಿಲು, ಕತ್ತರಿ, ಗುಲಾಬಿ

ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿ ಎಷ್ಟೇ ದಪ್ಪಗಿರಲಿ, ಅದರ ಮೈಮೇಲೆ ನೇರವಾಗಿ ಮೊಗ್ಗು ಮೂಡುವುದಿಲ್ಲ. ಕಡ್ಡಿಯ ಕಣ್ಣೊಂದು ಒಡೆಯಬೇಕು, ತಾಮ್ರಬಣ್ಣದ ಎಲೆಗಳ ಕುಡಿ ಹೊರಡಬೇಕು, ಆ ಕುಡಿ ಒಂದಡಿಯೋ ಒಂದೂವರೆ ಅಡಿಯೋ ಬೆಳೆದು ನಿಲ್ಲಬೇಕು. ಆಮೇಲೆ ಅದರ ನೆತ್ತಿಯಲ್ಲಿ ಮೊಗ್ಗು. ಮನೆಯಂಗಳದ ಗುಲಾಬಿಗೆ ಮಾಡುವ ಆರೈಕೆಯೆಲ್ಲ ಇಂಥ ಕುಡಿಗಳನ್ನು ಗಿಡದಿಂದ ಮತ್ತೆ ಮತ್ತೆ ಹೊರಡಿಸುವ ಉಪಾಯ, ಅಷ್ಟೇ. ನರ್ಸರಿಯಿಂದ ತಂದ ದಿನ ಇದ್ದ ಎರಡು ಹೂವೇ ಕೊನೆ, ಆಮೇಲೆ ಬಿಡಲೇ ಇಲ್ಲ ಎಂಬ ದೂರು ಎಲ್ಲ ಊರಲ್ಲೂ ಕೇಳಿಬರುತ್ತದೆ. ಅಂಥ ಗಿಡ ನೆರಳಲ್ಲಿ ನಿಂತಿರುತ್ತದೆ, ಇಲ್ಲವೇ ತಂದಂದಿನಿಂದ ಅದಕ್ಕೆ ಯಾರೂ ಕತ್ತರಿ ಮುಟ್ಟಿಸಿರುವುದಿಲ್ಲ. ಹಲವು ಸಲ ಎರಡೂ.

ಚಿಗುರಿದಾಗಲೆಲ್ಲ ಹೂ ಬಿಡುವ ಈ ಗುಣ ಎಲ್ಲ ಗುಲಾಬಿಗೂ ಹುಟ್ಟಿನಿಂದ ಬಂದದ್ದಲ್ಲ. ಸೇಬು, ಬಾದಾಮಿ, ಸ್ಟ್ರಾಬೆರಿಗಳ ಕುಟುಂಬಕ್ಕೆ ಸೇರಿದ ಗುಲಾಬಿಯಲ್ಲಿ ಕಾಡುಜಾತಿಗಳೇ ನೂರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುವಂಥವು. ಯೂರೋಪಿನ ಹಳೆಯ ತೋಟಗಳ ಗುಲಾಬಿಗಳೂ ಹೆಚ್ಚುಕಡಿಮೆ ಹಾಗೆಯೇ ಇದ್ದವು. ಋತು ನೋಡದೆ ಮೊಗ್ಗು ಬಿಡುವ ತಳಿಗಳಿದ್ದದ್ದು ಚೀನಾದ ತೋಟಗಾರರ ಬಳಿ. 18ನೇ ಶತಮಾನದ ಕೊನೆಗೆ ಅವು ಹಡಗೇರಿ ಯೂರೋಪಿಗೆ ಹೋದವು. ಕೆಲವು ಕಲ್ಕತ್ತೆಯ ಮೇಲೆ ಹಾದುಹೋದದ್ದರಿಂದ ಫ್ರೆಂಚರು ಅವನ್ನು ಬಂಗಾಳದ ಗುಲಾಬಿ ಎಂದೇ ಕರೆದರು. ಯೂರೋಪಿನ ಗುಲಾಬಿಗಳ ಗಟ್ಟಿತನವನ್ನೂ ಚೀನಾದ ಗುಲಾಬಿಗಳ ಈ ಗುಣವನ್ನೂ ಕೂಡಿಸುವ ಕೆಲಸ ಮುಂದಿನ ನೂರು ವರ್ಷ ನಡೆಯಿತು. 1867ರಲ್ಲಿ ಫ್ರಾನ್ಸಿನ ಗಿಯೊ ಎಂಬ ತಳಿಗಾರ ಹೊರತಂದ ‘ಲಾ ಫ್ರಾನ್ಸ್’ ಅನ್ನು ಮೊದಲ ಹೈಬ್ರಿಡ್ ಟೀ ಗುಲಾಬಿಯೆಂದು ಎಣಿಸುತ್ತಾರೆ. ಇಂದು ನರ್ಸರಿಯವರು ದೊಡ್ಡ ಹೂವಿನ ಗಿಡವೆಂದು ತೋರಿಸುವುದು ಹೆಚ್ಚಾಗಿ ಈ ವಂಶದವನ್ನೇ.

ಹೆಸರಿನ ಕಥೆಯೂ ಸ್ವಾರಸ್ಯದ್ದು. ಪಾರಸಿ ಭಾಷೆಯಲ್ಲಿ ಗುಲ್ ಎಂದರೆ ಹೂ, ಆಬ್ ಎಂದರೆ ನೀರು. ಗುಲಾಬ್ ಎಂದರೆ ಹೂವಿನಿಂದ ಇಳಿಸಿದ ಪರಿಮಳದ ನೀರು. ನೀರಿನ ಹೆಸರು ಇಲ್ಲಿ ಹೂವಿಗೇ ಅಂಟಿಕೊಂಡಿತು. ಮದುವೆ ಮನೆಯ ಬಾಗಿಲಲ್ಲಿ ಚಿಮುಕಿಸುವ ಪನ್ನೀರಿಗೂ ಹೀಗೆಯೇ ಆಯಿತು. ಪನ್ನೀರು ಕೊಡುವ ಹೂ ಪನ್ನೀರು ಗುಲಾಬಿಯಾಯಿತು.

ಆ ಪನ್ನೀರು ಗುಲಾಬಿಯಿಂದಲೇ ಮನೆಯ ಗುಲಾಬಿ ತೋಟ ಶುರುವಾಗುವುದು ಒಳ್ಳೆಯದು. ತೆಳು ಗುಲಾಬಿ ಬಣ್ಣ, ಸಡಿಲ ಎಸಳು, ಮೂಗು ತುಂಬುವ ವಾಸನೆ. ಹೂದಾನಿಯಲ್ಲಿಟ್ಟರೆ ಸಂಜೆಗೆಲ್ಲ ಉದುರಿಹೋಗುತ್ತದೆ. ಆದರೆ ಪೂಜೆಗೆ, ಮುಡಿಗೆ, ಮನೆಯಲ್ಲೇ ಮಾಡುವ ಗುಲ್ಕಂದಿಗೆ ಇದಕ್ಕೆ ಸಾಟಿಯಿಲ್ಲ. ಕಡ್ಡಿ ನೆಟ್ಟರೂ ಬದುಕುವ ಗಟ್ಟಿ ಜೀವ ಬೇರೆ. ಹೈಬ್ರಿಡ್ ಟೀ ಗಿಡಗಳಲ್ಲಿ ಒಂದು ಕಡ್ಡಿಗೆ ಒಂದೇ ದೊಡ್ಡ ಹೂ; ‘ಗ್ಲಾಡಿಯೇಟರ್’, ‘ಡಬಲ್ ಡಿಲೈಟ್’, ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಹೆಸರು ಪಡೆದ ಹಳದಿ ‘ಪೀಸ್’ ಇವೆಲ್ಲ ಆ ಗುಂಪಿನವು. ಫ್ಲೋರಿಬಂಡಾದಲ್ಲಿ ಹೂ ಗೊಂಚಲಾಗಿ ಬರುತ್ತದೆ, ಗಾತ್ರ ಚಿಕ್ಕದು, ಗಿಡ ಬರಿದಾಗಿ ನಿಲ್ಲುವ ದಿನಗಳು ಕಡಿಮೆ. ಬಿಳಿಯ ‘ಐಸ್‌ಬರ್ಗ್’ ಇದಕ್ಕೆ ಒಳ್ಳೆಯ ಉದಾಹರಣೆ. ಮಾರುಕಟ್ಟೆಯಲ್ಲಿ ಬಟನ್ ರೋಸ್ ಎಂದು ಹಾರಕ್ಕೆ ಮಾರುವ ಪುಟ್ಟ ಹೂಗಳ ಗಿಡ, ಬಾಲ್ಕನಿಗೆ ಹೇಳಿಮಾಡಿಸಿದ ಮಿನಿಯೇಚರ್, ಕಮಾನಿಗೆ ಹಬ್ಬಿಸುವ ಬಳ್ಳಿ ಗುಲಾಬಿ ಹೀಗೆ ಉಳಿದವು. ಹೂವಂಗಡಿಯಲ್ಲಿ ಡಚ್ ರೋಸ್ ಎಂದು ಸಿಗುವ, ಪಾಲಿಹೌಸಿನಲ್ಲಿ ಬೆಳೆದ ಉದ್ದ ಕಡ್ಡಿಯ ಹೂವನ್ನು ನೋಡಿ ಅಂಥದ್ದೇ ಗಿಡ ಬೇಕೆಂದು ಹುಡುಕುವವರುಂಟು. ಆ ತಳಿಗಳನ್ನು ಆರಿಸಿರುವುದು ಲಾರಿ ಪ್ರಯಾಣ ತಡೆದುಕೊಳ್ಳುವ ಗಟ್ಟಿ ಎಸಳಿಗಾಗಿ. ಅವುಗಳಲ್ಲಿ ಹೆಚ್ಚಿನವಕ್ಕೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಬಯಲಿನ ಮಳೆಗಾಳಿಗೆ ಅವು ಹೊಂದಿಕೊಳ್ಳುವುದೂ ಕಷ್ಟ.

ನಮ್ಮ ಹವೆಗೆ ಒಗ್ಗುವ ತಳಿಗಳನ್ನು ಇಲ್ಲಿಯವರೇ ರೂಪಿಸಿದ್ದಾರೆ. ಗೋಧಿ ತಳಿಗಳ ಮೇಲೆ ಕೆಲಸ ಮಾಡಿ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮೊದಲ ಮಹಾನಿರ್ದೇಶಕರಾದ ಡಾ. ಬಿ.ಪಿ. ಪಾಲ್ ಬಿಡುವಿನಲ್ಲಿ ಗುಲಾಬಿ ತಳಿಗಳನ್ನೂ ಬೆಳೆಸಿದರು. ಭಾರತದ ಗುಲಾಬಿ ಕೃಷಿಯ ಬಗ್ಗೆ ಪುಸ್ತಕ ಬರೆದರು. ಕೊಡೈಕೆನಾಲಿನ ಎಂ.ಎಸ್. ವೀರರಾಘವನ್ ಬಿಸಿನಾಡಿನ ಸೆಕೆ ತಡೆಯುವ ಗುಲಾಬಿಗಾಗಿ ಭಾರತದ ಕಾಡು ಗುಲಾಬಿಗಳನ್ನೇ ಹುಡುಕಿ ಅಡ್ಡತಳಿ ಮಾಡಿದವರು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಬಂದ ‘ಅರ್ಕಾ ಸವಿ’ ಬಿಡಿಹೂವಿಗೂ ‘ಅರ್ಕಾ ಪರಿಮಳ’ ಹೆಸರೇ ಹೇಳುವಂತೆ ವಾಸನೆಗೂ ಬೆಳೆಯುವ ತಳಿಗಳು. ಅರ್ಕಾ ಎಂಬುದು ಹೆಸರಘಟ್ಟದ ಕೆರೆ ತುಂಬಿಸುತ್ತಿದ್ದ ಅರ್ಕಾವತಿ ಹೊಳೆಯ ನೆನಪು.

ಗಿಡ ಯಾವುದೇ ಇರಲಿ, ಜಾಗ ಸರಿಯಿಲ್ಲದಿದ್ದರೆ ಉಳಿದ ಆರೈಕೆಯೆಲ್ಲ ವ್ಯರ್ಥ. ಗುಲಾಬಿಗೆ ದಿನಕ್ಕೆ ಕನಿಷ್ಠ 6 ತಾಸು ನೇರ ಬಿಸಿಲು ಬೇಕು. ಬೆಳಕು ಚೆನ್ನಾಗಿದೆ ಎಂಬುದು ಬೇರೆ, ಬಿಸಿಲು ಬೀಳುತ್ತದೆ ಎಂಬುದು ಬೇರೆ. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಗುಲಾಬಿ ಸೋಲುವುದು ಈ ವ್ಯತ್ಯಾಸದಲ್ಲಿ. ಉತ್ತರಕ್ಕೆ ಮುಖಮಾಡಿದ ಬಾಲ್ಕನಿಯಿದ್ದರೆ ಗುಲಾಬಿಯ ಆಸೆ ಬಿಟ್ಟು ಬೇರೆ ಗಿಡ ನೋಡುವುದೇ ಸರಿ. ಬೆಳಗಿನ ಬಿಸಿಲು ಎಲ್ಲಕ್ಕಿಂತ ಮೇಲು. ರಾತ್ರಿ ಎಲೆಯ ಮೇಲೆ ಕೂತ ಇಬ್ಬನಿ ಬೇಗ ಆರಿದರೆ ಅರ್ಧ ರೋಗಗಳು ಹತ್ತಿರ ಸುಳಿಯುವುದಿಲ್ಲ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ಪಶ್ಚಿಮದ ಗೋಡೆಯ ಕಾವು ಗಿಡವನ್ನು ಬೇಯಿಸಿಬಿಡುತ್ತದೆ. ಅಲ್ಲಿ ಮಧ್ಯಾಹ್ನ ಮೂರರ ಮೇಲೆ ನೆರಳು ಸಿಗುವ ಪೂರ್ವದ ಅಂಗಳ ವಾಸಿ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಕುಂಡದ ಗಿಡವೇ ಅನುಕೂಲ, ಮಳೆಗಾಲದಲ್ಲಿ ಸೂರಿನಡಿ ಎತ್ತಿಡಬಹುದು. ತೆಂಗಿನ ಮರದ ಬುಡದ ಹತ್ತಿರ ನೆಟ್ಟರೆ ಮಾತ್ರ ಗುಲಾಬಿಗೆಂದು ಹಾಕಿದ ಗೊಬ್ಬರವೆಲ್ಲ ತೆಂಗಿಗೇ ಸಂದಾಯ.

ಗಿಡ ಕೊಳ್ಳುವಾಗ ಹೂ ನೋಡುವವರೇ ಹೆಚ್ಚು. ನೋಡಬೇಕಾದ್ದು ಬುಡ. ಹೈಬ್ರಿಡ್ ಗುಲಾಬಿಗಳನ್ನು ಗಟ್ಟಿ ಬೇರಿನ ಬೇರೊಂದು ಗುಲಾಬಿಯ ಮೇಲೆ ಕಣ್ಣು ಕಸಿ ಮಾಡಿರುತ್ತಾರೆ. ಮಣ್ಣಿನಿಂದ ಸ್ವಲ್ಪ ಮೇಲೆ ಕಾಣುವ ಉಬ್ಬೇ ಕಸಿಗಂಟು. ಗಂಟು ಬಿರುಕಿಲ್ಲದೆ ಗಟ್ಟಿಯಾಗಿದ್ದು, ಅದರಿಂದ ಪೆನ್ಸಿಲ್ ದಪ್ಪದ ಎರಡು ಮೂರು ರೆಂಬೆ ಬೇರೆಬೇರೆ ದಿಕ್ಕಿಗೆ ಹೊರಟಿದ್ದರೆ ಅದು ಒಳ್ಳೆಯ ಗಿಡ, ಹೂವಿಲ್ಲದಿದ್ದರೂ ಪರವಾಗಿಲ್ಲ. ಹೊರ ರಾಜ್ಯಗಳಿಂದ ಲಾರಿಯಲ್ಲಿ ಬರುವ ಸಸಿಗಳ ಬೇರಿಗೆ ಅಂಟುಜೇಡಿಯ ಉಂಡೆ ಕಟ್ಟಿರುವುದುಂಟು. ಪ್ರಯಾಣದಲ್ಲಿ ಬೇರು ಒಣಗದಿರಲಿ ಎಂದು ಮಾಡಿದ ಏರ್ಪಾಡು ಅದು. ಆದರೆ ಅದೇ ಉಂಡೆಯನ್ನು ಹಾಗೇ ನೆಟ್ಟರೆ ಒಣಗಿ ಕಲ್ಲಾಗುತ್ತದೆ. ಸುತ್ತಲ ಮಣ್ಣು ನೆನೆದರೂ ಒಳಗೆ ನೀರಿಳಿಯುವುದಿಲ್ಲ, ಬೇರು ಹೊರಗೆ ಚಾಚುವುದಿಲ್ಲ. ತಂದ ಗಿಡವನ್ನು ಒಂದು ವಾರ ಅರೆನೆರಳಲ್ಲಿಟ್ಟು ಸುಧಾರಿಸಿಕೊಳ್ಳಲು ಬಿಟ್ಟು, ನೆಡುವ ದಿನ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಸಿ, ಹೊರಗಿನ ಜೇಡಿಯನ್ನು ಬೆರಳಲ್ಲಿ ಮೆಲ್ಲಗೆ ತೊಳೆದು ತೆಗೆಯಬೇಕು. ಬೇರು ಹರಿಯದಷ್ಟು ಮಾತ್ರ.

ನೆಲದಲ್ಲಿ ನೆಡುವುದಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಗುಂಡಿಯ ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬಾಂಡಲಿ, ಬೇವಿನ ಹಿಂಡಿ ಎರಡು ಹಿಡಿ, ಮೂಳೆ ಪುಡಿ ಒಂದು ಹಿಡಿ ಬೆರೆಸಿ ತುಂಬಿ, ನೀರು ಹಾಯಿಸಿ ನಾಲ್ಕು ದಿನ ಕುಸಿಯಲು ಬಿಡಬೇಕು. ಹಸಿ ಸಗಣಿ ಹಾಕಿದರೆ ಕಾವಿಗೆ ಬೇರು ಸುಡುತ್ತದೆ, ಗೊಣ್ಣೆಹುಳು, ಗೆದ್ದಲು ಜೊತೆಗೆ ಬರುತ್ತವೆ. ಹೈಬ್ರಿಡ್ ಗಿಡಗಳ ನಡುವೆ ಎರಡರಿಂದ ಎರಡೂವರೆ ಅಡಿ ಅಂತರ ಬೇಕು. ಬೆಂಗಳೂರು, ಕೋಲಾರದ ಕಡೆಯ ಕೆಮ್ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿಯುತ್ತದೆ, ಸತ್ವ ಮಾತ್ರ ಕಡಿಮೆ. ಉತ್ತರ ಕರ್ನಾಟಕದ ಎರೆಮಣ್ಣಿನದು ಇದಕ್ಕೆ ತದ್ವಿರುದ್ಧ: ಸತ್ವವಿದೆ, ನೀರು ಬಸಿಯದು. ಅಲ್ಲಿ ಗುಂಡಿ ತೋಡುವುದೆಂದರೆ ಬೇರಿಗೆ ತೊಟ್ಟಿ ಕಟ್ಟಿದಂತೆ. ಮರಳು, ಗೊಬ್ಬರ ಬೆರೆಸಿದ ಏರುಪಾತಿ ಮಾಡಿ ಅದರ ಮೇಲೆ ನೆಡಬೇಕು. ಹೊಂದಿಕೆಯಾಗುವುದು ಸ್ವಲ್ಪ ಹುಳಿಗುಣದ ಮಣ್ಣು, ರಸಸಾರ 6ರಿಂದ 7ರ ಒಳಗೆ. ನೆಟ್ಟಾಗ ಕಸಿಗಂಟು ಮಣ್ಣಿನಿಂದ ಎರಡು ಅಂಗುಲ ಮೇಲೇ ಇರಬೇಕು. ಹಿಮ ಬೀಳುವ ದೇಶಗಳಲ್ಲಿ ಗಂಟನ್ನು ಚಳಿಯಿಂದ ಕಾಪಾಡಲು ಹೂಳುತ್ತಾರೆ. ಅಲ್ಲಿಯ ವಿಡಿಯೊ ನೋಡಿ ಇಲ್ಲೂ ಹೂತರೆ ಗಂಟು ಕೊಳೆಯುತ್ತದೆ.

ಕುಂಡಕ್ಕೆ 12 ಅಂಗುಲದ್ದು ಬೇಕು, ಮಿನಿಯೇಚರಿಗೆ 8 ಅಂಗುಲವಾದರೂ ಸಾಕು. ಕೆಮ್ಮಣ್ಣು ಎರಡು ಪಾಲು, ಗೊಬ್ಬರ ಒಂದು ಪಾಲು, ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು ಎಂಬ ಹದ ಬಹುತೇಕ ಕಡೆ ನಡೆಯುತ್ತದೆ. ತಳದ ತೂತಿನ ಮೇಲೆ ಹೆಂಚಿನ ಚೂರು ಇಟ್ಟು ಮಣ್ಣು ತುಂಬಬೇಕು. ಎರಡು ವರ್ಷಕ್ಕೊಮ್ಮೆ ಗಿಡ ಎತ್ತಿ, ಸುತ್ತಿಕೊಂಡ ಹೊರಬೇರನ್ನು ಸವರಿ, ಹೊಸ ಮಣ್ಣಿನಲ್ಲಿ ಕೂರಿಸಿದರೆ ಕುಂಡದ ಗುಲಾಬಿಯೂ ಹಲವು ವರ್ಷ ಬಾಳುತ್ತದೆ.

ಮನೆಗಳಲ್ಲಿ ಗುಲಾಬಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ನೀರು ಹೆಚ್ಚಾದರೂ ಎಲೆ ಹಳದಿಯಾಗಿ ಜೋಲುತ್ತದೆ, ಕಡಿಮೆಯಾದರೂ ಜೋಲುತ್ತದೆ. ಜೋತ ಎಲೆ ಕಂಡವರು ಮೊದಲು ಚೆಂಬು ಹುಡುಕುತ್ತಾರೆ. ಉಸಿರುಕಟ್ಟಿದ ಬೇರಿಗೆ ಇನ್ನೊಂದು ಚೆಂಬು. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡುವುದೊಂದೇ ನಂಬುವಂಥ ಪರೀಕ್ಷೆ. ಒಳಗೆ ಪಸೆ ತಾಕಿದರೆ ಆ ದಿನ ನೀರು ಬೇಡ. ಬೇಸಿಗೆಯಲ್ಲಿ ತಾರಸಿಯ ಕುಂಡಕ್ಕೆ ದಿನಾ ಬೇಕಾದೀತು, ನೆಲದ ಗಿಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ಬುಡ ತುಂಬ ಹಾಯಿಸಿದರೆ ಸಾಕು. ದಿನಾ ಚಿಮುಕಿಸುವುದಕ್ಕಿಂತ ಬಿಟ್ಟುಬಿಟ್ಟು ತುಂಬ ಹಾಯಿಸಿದರೆ ಬೇರು ಆಳಕ್ಕಿಳಿಯುತ್ತದೆ. ನೀರು ಬುಡಕ್ಕೆ, ಅದೂ ಬೆಳಿಗ್ಗೆ. ಸಂಜೆ ಪೈಪು ಹಿಡಿದು ಗಿಡದ ತಲೆ ತೋಯಿಸುವುದು ರೋಗಕ್ಕೆ ಕೊಟ್ಟ ಆಹ್ವಾನ. ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ಹಾಕುವ ಕಡೆ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುವುದುಂಟು. ಕ್ಷಾರ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಗಿಡಕ್ಕೆ ದಕ್ಕದಿರುವುದು ಇದಕ್ಕೆ ಕಾರಣ. ಮಳೆನೀರು ಹಿಡಿದು ಹಾಕುವುದು, ಹೆಚ್ಚು ಗೊಬ್ಬರ ಬೆರೆಸುವುದು, ತೀರಾ ಆದರೆ ಅಂಗಡಿಯಲ್ಲಿ ಸಿಗುವ ಕೀಲೇಟೆಡ್ ಕಬ್ಬಿಣ ಸಿಂಪಡಿಸುವುದು ಪರಿಹಾರ.

ಗೊಬ್ಬರದ ಲೆಕ್ಕ ಸರಳ: ಪ್ರತಿ ಸುತ್ತಿನ ಹೂ ಮುಗಿದ ಮೇಲೆ ಮುಂದಿನ ಚಿಗುರಿಗೆ ಆಹಾರ. ನೆಲದ ಗಿಡಕ್ಕೆ ವರ್ಷದ ದೊಡ್ಡ ಕತ್ತರಿಕೆಯ ನಂತರ ಒಂದು ಬಾಂಡಲಿ ಕೊಟ್ಟಿಗೆ ಗೊಬ್ಬರ, ನಡುವೆ ಹಿಂಡಿ. ಕುಂಡಕ್ಕೆ ತಿಂಗಳಿಗೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ. ಕಡಲೆಕಾಯಿ ಹಿಂಡಿಯನ್ನು ಮೂರು ನಾಲ್ಕು ದಿನ ನೆನೆಸಿ, ತಿಳಿಯನ್ನು ಹತ್ತರಷ್ಟು ನೀರು ಬೆರೆಸಿ ಹಾಕುವ ಹಳೆಯ ಪದ್ಧತಿಗೆ ಗಿಡ ಬೇಗ ಓಗೊಡುತ್ತದೆ. ನಾತ ತಡೆಯಬೇಕು, ಅಕ್ಕಪಕ್ಕದ ಮನೆಯವರೂ. ಒಣ ಮಣ್ಣಿಗೆ ಯಾವ ಗೊಬ್ಬರವನ್ನೂ ಹಾಕಬಾರದು. ಹೊಸದಾಗಿ ನೆಟ್ಟ ಗಿಡಕ್ಕೆ ಮೊದಲ ತಿಂಗಳು ಬೇಡವೇ ಬೇಡ. ಯೂರಿಯಾ ಎರಚಿದರೆ ಗಿಡ ಹಸಿರಾಗಿ ಸೊಕ್ಕುತ್ತದೆ, ಆ ಮೆತ್ತನೆ ಚಿಗುರಿಗೆ ಹೇನು ಮುತ್ತುತ್ತದೆ, ಹೂ ಮಾತ್ರ ಕಾಣದು. ಇನ್ನು ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಚಿಪ್ಪು, ಚಹಾ ಚರಟಗಳ ಮಹಿಮೆ. ಇವು ಕೆಟ್ಟವಲ್ಲ. ಆದರೆ ಸಿಪ್ಪೆಯನ್ನು ನೇರವಾಗಿ ಕುಂಡದಲ್ಲಿ ಹೂತರೆ ಬರುವುದು ಇರುವೆ ಮತ್ತು ನೊಣ. ಮೊಟ್ಟೆ ಚಿಪ್ಪು ಕರಗಲು ವರ್ಷಗಳೇ ಬೇಕು. ಸಕ್ಕರೆ ಬೆರೆತ ಚರಟಕ್ಕೆ ಬೂಸ್ಟು ಹಿಡಿಯುತ್ತದೆ. ಎಲ್ಲವೂ ಮೊದಲು ಕಾಂಪೋಸ್ಟ್ ಡಬ್ಬಿಗೆ ಹೋಗಿ ಕಳಿತು ಬಂದರೆ ಸರಿ.

ಇನ್ನು ಕತ್ತರಿ. ದ್ರಾಕ್ಷಿ ಬೆಳೆಗಾರರು ಚಾಟನಿ ಎನ್ನುವ ಈ ಕೆಲಸಕ್ಕೆ ಮನೆಯವರ ಕೈ ನಡುಗುತ್ತದೆ. ಬದುಕಿರುವ ಗಿಡ ಕಡಿಯುವುದು ಪಾಪವೆಂಬ ಭಾವ ಬೇರೆ. ಆದರೆ ಕಡ್ಡಿಯ ತುದಿಯಲ್ಲಿರುವ ಕಣ್ಣು ಕೆಳಗಿನ ಕಣ್ಣುಗಳನ್ನು ಒಡೆಯಲು ಬಿಡುವುದಿಲ್ಲ. ತುದಿಯಿಂದ ಕೆಳಗೆ ಹರಿಯುವ ಆಕ್ಸಿನ್ ಎಂಬ ಹಾರ್ಮೋನು ಅವುಗಳನ್ನು ಮಲಗಿಸಿಟ್ಟಿರುತ್ತದೆ. ತುದಿ ಹೋದರೆ ಮಲಗಿದ್ದ ಕಣ್ಣುಗಳು ಏಳುತ್ತವೆ. ಒಂದು ಕುಡಿ ಇದ್ದಲ್ಲಿ ಎರಡು ಮೂರಾಗುತ್ತವೆ. ಬಳ್ಳಿ ಗುಲಾಬಿಯನ್ನು ನೇರ ಮೇಲಕ್ಕೆ ಬಿಡದೆ ಅಡ್ಡಡ್ಡ ಬಾಗಿಸಿ ಕಟ್ಟುವುದೂ ಇದಕ್ಕೇ: ಅಡ್ಡ ಮಲಗಿದ ಬಳ್ಳಿಯಲ್ಲಿ ತುದಿಯ ದರ್ಬಾರು ನಡೆಯುವುದಿಲ್ಲ, ಉದ್ದಕ್ಕೂ ಕಣ್ಣೊಡೆದು ಹೂಗುಡಿ ಬರುತ್ತದೆ.

ದಿನನಿತ್ಯದ ಕತ್ತರಿಕೆ ಬಾಡಿದ ಹೂವಿನದು. ಬಾಡಿದ್ದನ್ನು ಗಿಡದಲ್ಲೇ ಬಿಟ್ಟರೆ ಬುಡ ಉಬ್ಬಿ ಕಾಯಿ ಕಟ್ಟುತ್ತದೆ. ಬೀಜ ಬಲಿಸುವುದರಲ್ಲಿ ತೊಡಗಿದ ಗಿಡ ಹೊಸ ಕುಡಿ ಹೊರಡಿಸುವುದನ್ನು ಮುಂದೂಡುತ್ತದೆ. ಬರೀ ಹೂತಲೆಯನ್ನು ಚಿವುಟಿದರೆ ಸಾಲದು. ಹೂವಿನ ಕೆಳಗೆ ಮೊದಲು ಮೂರು ಕಿರುಎಲೆಗಳ ಎಲೆ ಬರುತ್ತದೆ, ಇನ್ನೂ ಕೆಳಗೆ ಐದು ಕಿರುಎಲೆಗಳದ್ದು. ಹೊರಮುಖವಾಗಿರುವ ಐದರ ಎಲೆ ನೋಡಿ, ಅದರ ಕಂಕುಳಿನ ಕಣ್ಣಿನಿಂದ ಕಾಲು ಅಂಗುಲ ಮೇಲೆ, ಕಣ್ಣಿನ ಹಿಂಬದಿಗೆ ನೀರು ಜಾರುವಂತೆ ಓರೆಯಾಗಿ ಕತ್ತರಿಸಬೇಕು. ತೀರಾ ಮೇಲಿನ ಕಣ್ಣುಗಳಿಂದ ಬರುವ ಕುಡಿ ಸಣಕಲು; ಕೆಳಗಿನದರಿಂದ ಬರುವುದು ಪುಷ್ಟ. ಕೆಲವು ಕುಡಿಗಳು ಬೆಳೆದು ನಿಂತೂ ಮೊಗ್ಗಿಲ್ಲದೆ ಮುಗಿದುಬಿಡುತ್ತವೆ. ತೋಟಗಾರರು ಕುರುಡು ಕುಡಿ ಎನ್ನುವ ಇವಕ್ಕೆ ಹೆಚ್ಚಾಗಿ ಬೆಳಕಿನ ಕೊರತೆ ಕಾರಣ. ಅರ್ಧಕ್ಕೆ ಕತ್ತರಿಸಿದರೆ ಕೆಳಗಿನ ಕಣ್ಣಿನಿಂದ ಹೂ ಬರುವ ಕುಡಿ ಹೊರಡಬಹುದು.

ವರ್ಷಕ್ಕೊಮ್ಮೆಯ ದೊಡ್ಡ ಕತ್ತರಿಕೆಗೆ ಬೆಂಗಳೂರು, ಮೈಸೂರಿನಂಥ ಬಯಲಿನಲ್ಲಿ ಮಳೆ ಹಿಂದೆ ಸರಿಯುವ ಅಕ್ಟೋಬರ್ ತಿಂಗಳು ಸರಿಯಾದ ಕಾಲ. ಒಣಗಿದ್ದು, ರೋಗ ಹಿಡಿದದ್ದು, ಒಂದಕ್ಕೊಂದು ಉಜ್ಜುವಂಥದ್ದು, ಪೆನ್ಸಿಲಿಗಿಂತ ಸಣ್ಣದು ಮೊದಲು ಹೋಗಬೇಕು. ಉಳಿದ ನಾಲ್ಕೈದು ಗಟ್ಟಿ ರೆಂಬೆಗಳನ್ನು ಒಂದೂವರೆಯಿಂದ ಎರಡಡಿಗೆ ಇಳಿಸಿದರೆ ಗಿಡ ಬೋಗುಣಿಯಂತೆ ನಡು ತೆರೆದು ನಿಲ್ಲುತ್ತದೆ. ಚಳಿದೇಶದವರಂತೆ ಗೇಣುದ್ದಕ್ಕೆ ಬೋಳಿಸುವ ಅಗತ್ಯ ಇಲ್ಲಿಲ್ಲ. ಇಲ್ಲಿ ಗಿಡ ಚಳಿಗಾಲಕ್ಕೆ ಮಲಗುವುದಿಲ್ಲ, ಎಲೆಯಿಲ್ಲದೆ ಬಿಸಿಲಿಗೆ ಬಿದ್ದ ಕಡ್ಡಿ ಸುಡುತ್ತದೆ. ಕತ್ತರಿಸಿದ ದಿನದಿಂದ ಹೂವಿಗೆ ಆರರಿಂದ ಎಂಟು ವಾರ, ಚಳಿ ಹೆಚ್ಚಿದಷ್ಟೂ ತಡ. ಈ ಲೆಕ್ಕ ಗೊತ್ತಿದ್ದವರು ಹೂವಿನ ದಿನವನ್ನು ತಾವೇ ಗೊತ್ತುಮಾಡಬಹುದು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ತಮ್ಮ ಅಂಗಳದಲ್ಲೂ ಹೂ ತುಂಬಿರಬೇಕೆನ್ನುವವರು ನವೆಂಬರ್ ಕೊನೆಗೆ, ತಪ್ಪಿದರೆ ಡಿಸೆಂಬರ್ ಮೊದಲ ವಾರದೊಳಗೆ, ಇನ್ನೊಂದು ಹಗುರ ಕತ್ತರಿಕೆ ಮುಗಿಸಿರಬೇಕು.

ಕತ್ತರಿಸಿದ ಗಾಯದಿಂದಲೇ ಒಳಸೇರುವ ರೋಗವೂ ಒಂದಿದೆ. ಕಡ್ಡಿಯ ತುದಿ ಕಂದಾಗಿ, ಕಪ್ಪಾಗಿ ಕೆಳಕ್ಕೆ ಇಳಿಯುತ್ತ ಬರುವ ಈ ಒಣಗು ರೋಗ ಶಿಲೀಂಧ್ರದ್ದು. ತಡೆಯದಿದ್ದರೆ ಕಸಿಗಂಟಿನವರೆಗೂ ಹೋಗಿ ಗಿಡವನ್ನೇ ಮುಗಿಸುತ್ತದೆ. ಕಡ್ಡಿಯ ತಿರುಳು ಬೆಳ್ಳಗೆ ಕಾಣುವವರೆಗೆ ಕೆಳಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಒಂದು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ ಎಂಬ ಪ್ರಮಾಣದಲ್ಲಿ, ಎರಡನ್ನೂ ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕಲಸಿ ಆಮೇಲೆ ಕೂಡಿಸುತ್ತಾರೆ. ಮಲೆನಾಡಿನ ಅಡಿಕೆ ಮನೆಗಳಲ್ಲಿ ಇದನ್ನು ವಿವರಿಸುವ ಅಗತ್ಯವಿಲ್ಲ. ಕೊಳೆರೋಗಕ್ಕೆ ಹೊಡೆಯುವ ದ್ರಾವಣದ ಗಟ್ಟಿ ರೂಪ ಇದು. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡರೆ ರೋಗ ಕೈಯಾರೆ ಹಂಚಿದಂತಾಗುವುದಿಲ್ಲ.

ಮಳೆಗಾಲದ ಶತ್ರು ಕಪ್ಪುಚುಕ್ಕೆ. ಎಲೆಯ ಮೇಲೆ ಅಂಚು ಒಡೆದ ಕರಿ ಚುಕ್ಕೆಗಳು, ಸುತ್ತ ಹಳದಿ, ಕೆಲವೇ ದಿನಗಳಲ್ಲಿ ಎಲೆಯುದುರಿ ಗಿಡ ಕಡ್ಡಿಕಡ್ಡಿ. ಈ ಶಿಲೀಂಧ್ರದ ಬೀಜಕಣ ಮೊಳೆಯಲು ಎಲೆ ಸತತವಾಗಿ ಕೆಲವು ತಾಸು ಒದ್ದೆಯಿರಬೇಕು. ಬೆಳಗಿನ ಬಿಸಿಲು, ಬುಡಕ್ಕೆ ನೀರು, ನಡು ತೆರೆದ ಗಿಡ ಇಷ್ಟಕ್ಕೂ ಬೆಲೆ ಬರುವುದು ಇಲ್ಲೇ. ಉದುರಿದ ಎಲೆಯನ್ನು ಗಿಡದ ಬುಡದಲ್ಲಿ ಗೊಬ್ಬರವಾಗಲೆಂದು ಬಿಡಬಾರದು, ಮುಂದಿನ ಮಳೆಗೆ ರೋಗ ಚಿಮ್ಮುವುದು ಅಲ್ಲಿಂದಲೇ. ಬೂದಿ ರೋಗದ ಸ್ವಭಾವ ಬೇರೆ. ಎಳೆ ಎಲೆ, ಮೊಗ್ಗಿನ ತೊಟ್ಟಿನ ಮೇಲೆ ವಿಭೂತಿ ಬಳಿದಂತೆ ಕಾಣುವ ಇದಕ್ಕೆ ಒದ್ದೆ ಎಲೆ ಬೇಕಿಲ್ಲ; ಹಗಲು ಒಣಬಿಸಿಲು, ರಾತ್ರಿ ತಂಪು ಇರುವ ಡಿಸೆಂಬರ್, ಜನವರಿಯಲ್ಲಿ ಇದರ ಕಾಟ. ಲೀಟರ್ ನೀರಿಗೆ ಎರಡು ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕ ಕಲಸಿ ಬಿಸಿಲೇರುವ ಮೊದಲು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಕೀಟಗಳಲ್ಲಿ ಹೆಚ್ಚು ಮೋಸಗೊಳಿಸುವುದು ಥ್ರಿಪ್ಸ್. ಮೊಗ್ಗು ಅರಳದೆ ಎಸಳಿನ ಅಂಚು ಸುಟ್ಟಂತೆ ಕಂದಾಗಿ, ಎಳೆ ಎಲೆ ಮುರುಟಿದ್ದರೆ ಅದು ಬಿಸಿಲಿನ ಕೆಲಸವೆಂದು ತಿಳಿದು ಗಿಡವನ್ನು ನೆರಳಿಗೆ ಸರಿಸುವವರಿದ್ದಾರೆ. ಮೊಗ್ಗನ್ನು ಬಿಳಿ ಕಾಗದದ ಮೇಲೆ ಕೊಡವಿದರೆ ಓಡಾಡುವ ಸಣ್ಣ ಗೀಟುಗಳಂಥ ಹುಳುಗಳು ನಿಜ ಹೇಳುತ್ತವೆ. ಬೇಸಿಗೆಯ ಒಣಹವೆಯಲ್ಲಿ ಎಲೆಯ ಅಡಿಗೆ ಕೆಂಪು ನುಸಿ ನೂಲು ನೇಯುತ್ತದೆ. ಇದಕ್ಕೆ ಬೆಳಗಿನ ಹೊತ್ತು ಎಲೆಯಡಿಗೆ ನೀರನ್ನು ರಭಸವಾಗಿ ಹಾಯಿಸುವುದೇ ಮೊದಲ ಮದ್ದು. ಹೇನಿಗೂ ಅದೇ ಸಾಕು. ಬೇವಿನೆಣ್ಣೆಯನ್ನು ಲೀಟರಿಗೆ 5 ಮಿ.ಲೀ., ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ ಹಾಕಿ ಸಂಜೆ ಸಿಂಪಡಿಸಬಹುದು. ಗಂಧಕ ಹೊಡೆದು ಎರಡು ವಾರವಾಗುವ ಮೊದಲು ಎಣ್ಣೆ ಹೊಡೆದರೆ ಮಾತ್ರ ಎಲೆ ಸುಡುತ್ತದೆ. ಗುಲ್ಕಂದಿಗೆ, ಅಡುಗೆಗೆ ಹೂ ಬಿಡಿಸುವ ಗಿಡಕ್ಕೆ ರಾಸಾಯನಿಕ ಔಷಧ ಮುಟ್ಟಿಸದಿರುವುದು ಲೇಸು. ನರ್ಸರಿಯಿಂದ ತಂದ ಹೊಸ ಗಿಡದ ಮೊದಲ ಹೂಗಳನ್ನೂ ಅಡುಗೆಮನೆಗೆ ಒಯ್ಯಬಾರದು.

ಕೆಲವು ವರ್ಷವಾದ ಮೇಲೆ ‘ಕೆಂಪು ಹೂವಿನ ಗಿಡ ಈಗ ಸಣ್ಣ ಬಿಳಿ ಹೂ ಬಿಡುತ್ತಿದೆ’ ಎಂಬ ವಿಸ್ಮಯ ಹಲವು ಮನೆಗಳಲ್ಲಿ ನಡೆಯುತ್ತದೆ. ಗಿಡ ಬಣ್ಣ ಬದಲಿಸಿದ್ದಲ್ಲ. ಕಸಿಗಂಟಿನ ಕೆಳಗಿನ ಬೇರುಗಿಡ ತನ್ನದೇ ಚಿಗುರು ಹೊರಡಿಸಿ, ಮೇಲಿನ ಹೈಬ್ರಿಡ್ಡನ್ನು ಉಪವಾಸ ಕೆಡವಿದೆ. ಗಂಟಿನ ಕೆಳಗಿಂದ ಸರ್ರನೆ ಏಳುವ, ಎಲೆಯ ಚಹರೆಯೇ ಬೇರೆಯಿರುವ ಚಿಗುರನ್ನು ಕಂಡಕೂಡಲೇ ತೆಗೆಯಬೇಕು. ಕತ್ತರಿಸಿದರೆ ಮತ್ತೆ ನಾಲ್ಕಾಗಿ ಬರುತ್ತದೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕೆಳಕ್ಕೆ ಎಳೆದು ಕಿತ್ತರೆ ಬುಡದ ಕಣ್ಣೂ ಕಿತ್ತುಬರುತ್ತದೆ.

ಹೂವನ್ನು ಮನೆಯೊಳಗೆ ತರುವುದಾದರೆ ಬೆಳಗಿನ ತಂಪಿನಲ್ಲಿ, ಮೊಗ್ಗಿನ ಹಸಿರು ಪುಷ್ಪಪತ್ರಗಳು ಕೆಳಕ್ಕೆ ಬಾಗಿ ಹೊರಗಿನ ಒಂದೆರಡು ಎಸಳು ಸಡಿಲವಾದಾಗ ಕೊಯ್ಯಬೇಕು. ತೀರಾ ಬಿಗಿ ಮೊಗ್ಗು ನೀರಿನಲ್ಲಿ ಅರಳದೆ ಕತ್ತು ಬಗ್ಗಿಸುತ್ತದೆ. ಕಡ್ಡಿಯ ತುದಿಯನ್ನು ನೀರೊಳಗೆ ಮುಳುಗಿಸಿಕೊಂಡೇ ಇನ್ನೊಮ್ಮೆ ಕತ್ತರಿಸಿದರೆ ಗಾಳಿಗುಳ್ಳೆ ಸೇರಿ ನಾಳ ಕಟ್ಟುವುದಿಲ್ಲ.

ಗಿಡ ಹೆಚ್ಚಿಸುವ ಕೆಲಸಕ್ಕೆ ಎರಡು ದಾರಿ. ಪನ್ನೀರು ಗುಲಾಬಿ, ಬಟನ್, ಮಿನಿಯೇಚರ್‌ಗಳಿಗೆ ಕಡ್ಡಿ ಸಾಕು: ಹೂ ಮುಗಿದ, ಪೆನ್ಸಿಲ್ ದಪ್ಪದ ಗೇಣುದ್ದ ಕಡ್ಡಿಯನ್ನು ಮೂರು ನಾಲ್ಕು ಕಣ್ಣುಗಳಿರುವಂತೆ ಆರಿಸಿ, ಅರ್ಧದಷ್ಟು ಮರಳುಮಣ್ಣಿಗೆ ಹೂತು ನೆರಳಲ್ಲಿಟ್ಟರೆ ಒಂದೆರಡು ತಿಂಗಳಲ್ಲಿ ಬೇರು ಬಿಡುತ್ತದೆ. ಮೇಲ್ತುದಿಗೆ ಸಗಣಿ ಮೆತ್ತುವ ಹಳ್ಳಿಯ ರೂಢಿಯಿಂದ ಕಡ್ಡಿ ಒಣಗುವುದು ತಪ್ಪುತ್ತದೆ. ಆಲೂಗಡ್ಡೆಗೆ ಕಡ್ಡಿ ಚುಚ್ಚಿ ನೆಡುವ ಈಚಿನ ಚಮತ್ಕಾರದಲ್ಲಿ ಹೆಚ್ಚಾಗಿ ಬೆಳೆಯುವುದು ಆಲೂಗಡ್ಡೆ. ಹೈಬ್ರಿಡ್ ಟೀಗಳು ಸ್ವಂತ ಬೇರಿನ ಮೇಲೆ ಹೆಚ್ಚಾಗಿ ಸೊರಗುವುದರಿಂದ ಅವಕ್ಕೆ ಕಣ್ಣು ಕಸಿಯೇ ಸರಿ. ಗುಲಾಬಿಯ ಮುಳ್ಳು ನಿಂಬೆಯ ಮುಳ್ಳಿನಂತೆ ಮರದೊಳಗಿಂದ ಬಂದದ್ದಲ್ಲ, ತೊಗಟೆಯ ಮೇಲ್ಪದರದ್ದು. ಪಕ್ಕಕ್ಕೆ ಒತ್ತಿದರೆ ಮುಳ್ಳು ಚಟ್ಟನೆ ಮುರಿದುಬರುವ ಕಡ್ಡಿಯ ಕಣ್ಣು ಕಸಿಗೆ ಹದವಾಗಿದೆಯೆಂದು ಲೆಕ್ಕ. ಬೇರುಗಿಡದ ತೊಗಟೆಯಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಸೀಳಿ, ಒಂದಂಗುಲದ ತೊಗಟೆಯೊಡನೆ ಎತ್ತಿದ ಕಣ್ಣನ್ನು ಅದರೊಳಗೆ ಜಾರಿಸಿ, ಕಣ್ಣು ಮಾತ್ರ ಹೊರಗುಳಿಯುವಂತೆ ಪಾಲಿಥೀನ್ ಪಟ್ಟಿಯಿಂದ ಸುತ್ತುತ್ತಾರೆ. ಮೂರು ನಾಲ್ಕು ವಾರದಲ್ಲಿ ಕಣ್ಣು ಹಸಿರಾಗಿಯೇ ಉಳಿದಿದ್ದರೆ ಕಸಿ ಕೂಡಿದೆ. ಆಗ ಪಟ್ಟಿ ಬಿಚ್ಚಿ, ಬೇರುಗಿಡದ ತಲೆಯನ್ನು ಕಣ್ಣಿನ ಮೇಲಕ್ಕೆ ಕತ್ತರಿಸಬೇಕು. ಹೊಸ ಕುಡಿಯ ತುದಿಯಲ್ಲಿ ಬರುವ ಮೊದಲ ಮೊಗ್ಗನ್ನು ಅರಳಲು ಬಿಡದೆ, ಬಟಾಣಿ ಗಾತ್ರವಾದಾಗಲೇ ಚಿವುಟಿದರೆ ಕಸಿಗಂಟಿನ ಹತ್ತಿರದಿಂದ ಎರಡನೆಯ, ಮೂರನೆಯ ರೆಂಬೆಗಳು ಹೊರಡುತ್ತವೆ.